ತಟ್ಟೆಯ ತೂಕ ಕಳೆದರೆ ಲಾಭ ಎಷ್ಟು?

ನಮ್ಮ ಬೀದಿಗೆ ಈಚೆಗೆ ಒಂದು ಹೊಸ ಕಾಯಿಲೆ ಬಂದಿದೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಯಾರ ಕೈ ನೋಡಿದರೂ ಫೋನು, ಯಾರ ಬಾಯಿ ಕೇಳಿದರೂ ಲಾಭ. ಕಟಿಂಗ್ ಅಂಗಡಿಯಲ್ಲಿ ಕೂತವರು "ನನ್ನ ದುಡ್ಡು ಡಬಲ್ ಆಯ್ತು" ಅನ್ನುತ್ತಾರೆ. ಟೀ ಅಂಗಡಿಯಲ್ಲಿ ನಿಂತವರು "ನಂದು ತ್ರಿಬಲ್" ಅನ್ನುತ್ತಾರೆ. ಎಲ್ಲರೂ ಸ್ವಂತ ಬುದ್ಧಿಯಿಂದ, ಯಾವ ಏಜೆಂಟನ ಹಂಗೂ ಇಲ್ಲದೆ ಷೇರು ಕೊಂಡವರು. ಒಳ್ಳೆಯದೇ, ಬೇಡ ಅಂದವರು ಯಾರು? ಆದರೆ ಅವರನ್ನು "ಎಷ್ಟು ಹಾಕಿದ್ರಿ, ಯಾವಾಗ ಹಾಕಿದ್ರಿ, ವರ್ಷಕ್ಕೆ ಎಷ್ಟು ಬಂತು?" ಅಂತ ಒಂದು ಮಾತು ಕೇಳಿ ನೋಡಿ. ತಕ್ಷಣ ಏನೋ ತುರ್ತು ಕೆಲಸ ನೆನಪಾಗಿ ಎದ್ದು ಹೊರಟುಬಿಡುತ್ತಾರೆ.

ಈ ಕಾಯಿಲೆ ಎಲ್ಲರಿಗಿಂತ ಜೋರಾಗಿ ಹಿಡಿದದ್ದು ತೂಕದಣ್ಣನಿಗೆ.

ತೂಕದಣ್ಣ ಅಂದರೆ ತಕ್ಕಡಿ ರಿಪೇರಿಯವನು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಬಾಡಿಗೆ ಮಳಿಗೆ. ಎಂಟಡಿ ಅಗಲ, ಹತ್ತಡಿ ಉದ್ದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಚಿನ್ನ ತೂಗುವ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಕ್ಕಡಿ, ಮೂಟೆ ತೂಗುವ ಕಬ್ಬಿಣದ ತಕ್ಕಡಿ, ಎಲ್ಲವೂ ಅಲ್ಲಿಗೆ ಬರುತ್ತವೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಯಾವ ತಕ್ಕಡಿಯಾದರೂ ಒಂದು ಗ್ರಾಂ ಆಚೀಚೆ ತೋರಿಸಿದರೆ ಅವತ್ತು ಅವನಿಗೆ ಊಟ ಸೇರುವುದಿಲ್ಲ. ಅವನ ಹೆಂಡತಿ ಬೇಕರಿಯಲ್ಲಿ ಕೇಕಿನ ಮೇಲೆ ಕೆನೆಯಿಂದ ಹೂವು ಬಿಡಿಸುವವಳು. ಗಂಡ ಹೆಂಡತಿ ಇಬ್ಬರದೂ ಕೈಕೆಲಸ, ಇಬ್ಬರದೂ ಚೊಕ್ಕ ಕೆಲಸ.

ನಾಲ್ಕು ವರ್ಷದ ಹಿಂದೆ ತೂಕದಣ್ಣ ಫೋನಿನಲ್ಲಿ ಖಾತೆ ತೆರೆದು ಒಂದು ಲಕ್ಷ ಹಾಕಿದ. ಆಮೇಲೆ ಪ್ರತಿ ತಿಂಗಳು ಅವನ ಅಂಗಡಿಯಿಂದ ಐದು ಸಾವಿರ, ಅವಳ ಸಂಬಳದಿಂದ ಮೂರು ಸಾವಿರ, ಬ್ಯಾಂಕಿನಿಂದ ತಾನಾಗಿಯೇ ಆ ಖಾತೆಗೆ ಹೋಗುವಂತೆ ಮಾಡಿದರು. ತಾನಾಗಿ ಹೋಗುವುದು ಯಾರಿಗೆ ನೆನಪಿರುತ್ತದೆ ಹೇಳಿ? ತಿಂಗಳ ಕೊನೆಯ ಶನಿವಾರ ಅವನು ಖಾತೆ ತೆರೆದು ಒಟ್ಟು ಮೊತ್ತ ನೋಡುತ್ತಿದ್ದ. ನೋಡಿದ್ದನ್ನು ಅಂಗಡಿಯ ಬೀರುವಿನ ಬಾಗಿಲ ಒಳಬದಿಗೆ ದಪ್ಪ ಪೆನ್ನಿನಿಂದ ಬರೆಯುತ್ತಿದ್ದ. ಮೇಲ್ತುದಿಯಲ್ಲಿ ಒಂದು ಲಕ್ಷ. ಕೆಳಗಿಳಿಯುತ್ತಾ ಎರಡು, ಮೂರು, ನಾಲ್ಕು. ಮೊನ್ನೆ ಶನಿವಾರ ಬರೆದದ್ದು ಐದೂವರೆ ಲಕ್ಷ!

ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆ ಕ್ಷಣಕ್ಕೆ ಅವನ ಕಾಲು ನೆಲದ ಮೇಲೆ ಇರಲಿಲ್ಲ.

"ನೋಡೇ, ಒಂದು ಲಕ್ಷ ಹಾಕಿದ್ದೆ. ನಾಲ್ಕೇ ವರ್ಷಕ್ಕೆ ಐದೂವರೆ ಪಟ್ಟು! ಇನ್ನು ನಾಲ್ಕು ವರ್ಷ ಕಳೀಲಿ, ಮೂವತ್ತು ಲಕ್ಷ ದಾಟುತ್ತೆ. ಈ ಎಣ್ಣೆ, ಸ್ಕ್ರೂ, ಧೂಳು ಎಲ್ಲ ಯಾಕೆ ಬೇಕು? ಅಂಗಡಿ ಬಿಟ್ಟುಬಿಡ್ತೀನಿ. ಮನೇಲಿ ಕೂತು ಷೇರು ನೋಡ್ಕೊಂಡಿದ್ರೆ ಸಾಕು" ಅಂದ.

ಹೆಂಡತಿಯ ಕೈಯಲ್ಲಿದ್ದ ಪೊರಕೆ ಅಲ್ಲೇ ನಿಂತಿತು. ಯಾಕೆಂದರೆ ಇದು ಬರಿ ಮಾತಾಗಿರಲಿಲ್ಲ. ಮಳಿಗೆಯ ಕರಾರು ಮರುದಿನ, ಭಾನುವಾರಕ್ಕೆ ಮುಗಿಯುತ್ತಿತ್ತು. ಸಂಜೆ ಐದರೊಳಗೆ ಹೋಗಿ ಇನ್ನು ಮೂರು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲದಿದ್ದರೆ ಬೀಗದ ಕೈ ಕೊಡಬೇಕು ಅಂತ ಮಳಿಗೆಯ ಒಡತಿ ಹೇಳಿದ್ದರು. ಪಕ್ಕದ ಚಪ್ಪಲಿ ಅಂಗಡಿಯವನು ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಲು ತುದಿಗಾಲಲ್ಲಿ ನಿಂತಿದ್ದ. ಒಮ್ಮೆ ಗೋಡೆ ಬಿದ್ದರೆ ಅಂಗಡಿ ಹೋದಂತೆಯೇ.

"ರೀ, ಇನ್ನೊಂದು ಸಲ ಯೋಚನೆ ಮಾಡಿ" ಅಂದಳು ಅವಳು.

"ಯೋಚನೆ ಮಾಡೋಕೆ ಏನಿದೆ? ಬಾಗಿಲ ಮೇಲೆ ಬರೆದಿದೆಯಲ್ಲ!"

ಅವಳು ಹೊರಗೆ ಹೋಗಿ ಅತ್ತಿಗೆಗೆ ಫೋನು ಮಾಡಿದಳು.

ಅತ್ತಿಗೆ ಅಂದರೆ ತೂಕದಣ್ಣನ ಅಕ್ಕ. ಮೂವತ್ತಮೂರು ವರ್ಷ ದೊಡ್ಡಾಸ್ಪತ್ರೆಯಲ್ಲಿ ದಾದಿಯಾಗಿದ್ದು ಹೋದ ವರ್ಷ ನಿವೃತ್ತಳಾದವಳು. ಎಂಥೆಂಥ ಮೀಸೆಯ ಗಂಡಸರನ್ನೂ ಅಂಗಾತ ಮಲಗಿಸಿ ಸೂಜಿ ಚುಚ್ಚಿದ ಕೈ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಗ್ರಂಥಾಲಯದಲ್ಲಿ ನಡೆಯುವ ಹಣಕಾಸಿನ ತರಗತಿಗೆ ಸೇರಿಕೊಂಡಿದ್ದಳು. ಭಾನುವಾರ ಬೆಳಗ್ಗೆ ಹತ್ತಕ್ಕೆ ಅವಳು ಫ್ಲಾಸ್ಕ್ ತುಂಬ ಟೀ ಹಿಡಿದು ಮಳಿಗೆಗೆ ಬಂದಳು. ತಮ್ಮ ಅಷ್ಟರಲ್ಲಿ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಲು ಶುರು ಮಾಡಿದ್ದ.

"ಏನೋ, ಶ್ರೀಮಂತನಾದೆಯಂತೆ?" ಅಂದಳು.

"ಬಾ ಅಕ್ಕ, ನೀನೇ ನೋಡು" ಅಂತ ಅವನು ಬೀರುವಿನ ಬಾಗಿಲು ತೆರೆದು, ಮದುವೆಗೆ ಹೆಣ್ಣು ತೋರಿಸುವಷ್ಟು ಸಂಭ್ರಮದಿಂದ ಪಕ್ಕಕ್ಕೆ ಸರಿದು ನಿಂತ.

ಅಕ್ಕ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದಳು. "ಚೆನ್ನಾಗಿದೆ. ಇದರಲ್ಲಿ ನಿಮ್ಮಿಬ್ಬರ ದುಡ್ಡು ಎಷ್ಟು, ಲಾಭ ಎಷ್ಟು?"

"ಎಲ್ಲ ಸೇರಿ ಐದೂವರೆ!"

"ಎಲ್ಲ ಸೇರಿ ಎಷ್ಟು ಅಂತ ನಾನು ಕೇಳಲಿಲ್ಲ ಕಣೋ."

"ಅಯ್ಯೋ ಅಕ್ಕಾ, ನೀನು ಸೂಜಿ ಚುಚ್ಚೋದ್ರಲ್ಲಿ ಎತ್ತಿದ ಕೈ, ಒಪ್ಪಿದೆ. ಇದು ಷೇರು ಮಾರುಕಟ್ಟೆ. ನಾನು ತಗೊಂಡ ಪೇಂಟ್ ಕಂಪನಿ ಷೇರು ಒಂದೇ ವರ್ಷಕ್ಕೆ ಡಬಲ್ ಆಯ್ತು, ಗೊತ್ತಾ?"

"ಟಯರ್ ಕಂಪನಿ?" ಅಂದಳು ಹೆಂಡತಿ ಮೂಲೆಯಿಂದ.

"ಅದು... ಅದು ಸ್ವಲ್ಪ ಕೆಳಗಿದೆ."

"ಸಕ್ಕರೆ ಕಾರ್ಖಾನೆ?"

"ಅದರ ಮಾತು ಈಗ ಯಾಕೆ ತೆಗೀತೀಯ?"

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಗೆದ್ದದ್ದು ಮಾತ್ರ ನೆನಪಿದೆ ಅನ್ನು. ಇರಲಿ, ಕೂತು ಒಂದು ಸಲ ಲೆಕ್ಕ ಹಾಕೋಣ" ಅಂದಳು. ತಮ್ಮ ಒಪ್ಪಲಿಲ್ಲ. ಕಣ್ಣಿಗೆ ಕಾಣುವುದನ್ನು ಲೆಕ್ಕ ಹಾಕಬೇಕಾ ಅಂದ. ದುಡ್ಡು ಜಾಸ್ತಿಯಾದರೆ ಜಾಸ್ತಿಯಾದಂತೆ, ಅದಕ್ಕೆ ಗಣಿತ ಯಾಕೆ ಅಂದ. ಅಕ್ಕನಿಗೆ ಹೊಟ್ಟೆಕಿಚ್ಚು ಅಂತ ಅನ್ನುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಬಾಗಿಲಲ್ಲಿ ಹಣ್ಣು ಮಾರುವಾಕೆ ಬಂದು ನಿಂತಳು. ಬಗಲಲ್ಲಿ ತಕ್ಕಡಿ, ಮುಖದಲ್ಲಿ ಅಳು.

"ಅಣ್ಣಾ, ಇದನ್ನ ಸ್ವಲ್ಪ ನೋಡಿ. ಗಿರಾಕಿಗಳೆಲ್ಲ ನನ್ನ ಕಳ್ಳಿ ಅಂತಿದಾರೆ. ನಾನು ಒಂದು ಕೇಜಿ ಕೊಟ್ರೆ ಅವರ ಮನೇಲಿ ಮುಕ್ಕಾಲು ಬರುತ್ತಂತೆ!"

ತೂಕದಣ್ಣ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಸ್ವಿಚ್ ಒತ್ತಿ, ಒಂದು ಸಲ ಕಣ್ಣಾಡಿಸಿದ. ಅಷ್ಟೇ ಸಾಕಾಯಿತು.

"ತಟ್ಟೆ ಬದಲಾಯಿಸಿದ್ರಾ?"

"ಹೌದಣ್ಣ, ಹಳೇದು ಸೊಟ್ಟಗಾಗಿತ್ತು. ಸ್ಟೀಲಿಂದು ಗಟ್ಟಿ ಇರೋದು ಹಾಕಿದೆ."

"ಹಾಕಿ ಸೊನ್ನೆಗೆ ತರಲಿಲ್ಲ! ಈ ತಟ್ಟೆನೇ ಕಾಲು ಕೇಜಿ ಇದೆ. ನೀವು ಹಣ್ಣಿನ ಜೊತೆ ತಟ್ಟೇನೂ ತೂಗಿ ದುಡ್ಡು ತಗೊಳ್ತಿದೀರಿ. ತಟ್ಟೆ ತೂಕ ಕಳೀದೆ ಯಾರಾದ್ರೂ ತೂಗ್ತಾರೇನ್ರೀ? ಮೊದಲು ಏನು ಇತ್ತು ಅಂತ ಕಳೀರಿ, ಆಮೇಲೆ ಎಷ್ಟು ಬಂತು ಅಂತ ಹೇಳಿ!"

ಅವನು ಗುಂಡಿ ಒತ್ತಿ ಸೊನ್ನೆ ಮಾಡಿಕೊಟ್ಟ. ಆಕೆ ಎರಡು ಬಾಳೆಹಣ್ಣು ಮೇಜಿನ ಮೇಲಿಟ್ಟು, ಉಸಿರು ಬಂದವಳಂತೆ ಹೋದಳು. ತೂಕದಣ್ಣ ಇನ್ನೂ ಬಯ್ಯುತ್ತಲೇ ಇದ್ದ. "ನೋಡಕ್ಕ, ಇಷ್ಟೂ ತಿಳಿಯೋದಿಲ್ಲ ಜನಕ್ಕೆ" ಅಂತ ತಿರುಗಿದ.

ಅಕ್ಕ ಬೀರುವಿನ ಬಾಗಿಲನ್ನೇ ನೋಡುತ್ತಿದ್ದಳು. ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ತೂಕದಣ್ಣನೂ ನೋಡಿದ. ಅವನ ಕೈಯಲ್ಲಿದ್ದ ಬಾಳೆಹಣ್ಣು ಅರ್ಧ ಸುಲಿದದ್ದು ಹಾಗೆಯೇ ಉಳಿಯಿತು.

"ತಿಂಗಳು ತಿಂಗಳು ಹಾಕಿದ್ದು..." ಅಂದ ಮೆಲ್ಲಗೆ.

"ಅದೇ ತಟ್ಟೆ" ಅಂದಳು ಅಕ್ಕ. "ಈಗ ಕೂತ್ಕೋ."

ಮೂವರೂ ಮೇಜಿನ ಸುತ್ತ ಕೂತರು. ಹೆಂಡತಿ ಬ್ಯಾಂಕಿನ ಪಟ್ಟಿ ತೆಗೆದು ಒಂದೊಂದೇ ತಾರೀಖು ಓದಿದಳು. ಅಕ್ಕ ತನ್ನ ಫೋನಿನ ಲೆಕ್ಕದ ಹಾಳೆಯಲ್ಲಿ, ಅಂದರೆ ಸ್ಪ್ರೆಡ್‌ಶೀಟಿನಲ್ಲಿ, ಒಂದು ಕಡೆ ತಾರೀಖು, ಪಕ್ಕದಲ್ಲಿ ಮೊತ್ತ ಬರೆದುಕೊಂಡಳು. ಮೊದಲ ದಿನ ಒಂದು ಲಕ್ಷ. ಆಮೇಲೆ ನಲವತ್ತೆಂಟು ತಿಂಗಳು, ತಿಂಗಳಿಗೆ ಎಂಟು ಸಾವಿರ.

"ಎಂಟು ಎಂಟ್ಲೆ..." ಅಂತ ಬಾಯಲ್ಲೇ ಗುಣಿಸಿದ ತೂಕದಣ್ಣ. "ಮೂರು ಲಕ್ಷ ಎಂಬತ್ತನಾಲ್ಕು ಸಾವಿರ. ಮೊದಲಿನ ಲಕ್ಷ ಸೇರಿಸಿದ್ರೆ ನಾಲ್ಕು ಲಕ್ಷ ಎಂಬತ್ತನಾಲ್ಕು ಸಾವಿರ." ಅವನ ದನಿ ಇಳಿಯಿತು. "ಅಂದ್ರೆ ಲಾಭ ಅರವತ್ತಾರು ಸಾವಿರ ಮಾತ್ರಾನಾ?"

ಮರುಕ್ಷಣವೇ ಮತ್ತೆ ಎದೆ ಉಬ್ಬಿಸಿದ. "ಆದ್ರೂ ಪರವಾಗಿಲ್ಲ ಕಣಕ್ಕ! ಹಾಕಿದ್ದು ಒಂದು ಲಕ್ಷ, ಬಂದದ್ದು ಅರವತ್ತಾರು ಸಾವಿರ. ನೂರಕ್ಕೆ ಅರವತ್ತಾರು!"

"ಮತ್ತೆ ಅದೇ!" ಅಂತ ಹೆಂಡತಿ ಹಣೆ ಚಚ್ಚಿಕೊಂಡಳು. "ಆ ಅರವತ್ತಾರು ದುಡಿದದ್ದು ಬರೀ ಮೊದಲನೇ ಲಕ್ಷ ಅಲ್ಲ ರೀ. ನನ್ನ ಮೂರು ಸಾವಿರ, ನಿಮ್ಮ ಐದು ಸಾವಿರ, ಎಲ್ಲ ಸೇರಿ ದುಡಿದಿವೆ."

"ಹಾಗಿದ್ರೆ ಒಟ್ಟು ಹಾಕಿದ್ದಕ್ಕೆ ಭಾಗಿಸೋಣ. ನೂರಕ್ಕೆ ಹದಿಮೂರು ಹದಿನಾಲ್ಕು. ಅದೂ ಕಮ್ಮಿ ಏನಲ್ಲ!"

"ಅದು ವರ್ಷಕ್ಕಾ, ನಾಲ್ಕು ವರ್ಷಕ್ಕಾ?" ಅಂದಳು ಅಕ್ಕ.

ತೂಕದಣ್ಣ ಟೀ ಲೋಟ ಎತ್ತಿಕೊಂಡ.

"ಹಾಗಂತ ಸುಮ್ಮನೆ ನಾಲ್ಕರಿಂದ ಭಾಗಿಸಿದ್ರೂ ತಪ್ಪಾಗುತ್ತೆ" ಅಂದಳು ಅಕ್ಕ. "ಮೊದಲ ದಿನ ಹಾಕಿದ ದುಡ್ಡು ನಾಲ್ಕು ವರ್ಷ ದುಡಿದಿದೆ. ಹೋದ ತಿಂಗಳು ಹಾಕಿದ್ದು ಒಂದೇ ತಿಂಗಳು ದುಡಿದಿದೆ. ಇಬ್ಬರಿಗೂ ಒಂದೇ ಸಂಬಳ ಕೊಡೋಕಾಗುತ್ತಾ? ಯಾವ ದುಡ್ಡು ಎಷ್ಟು ದಿನ ಇತ್ತು ಅಂತ ನೋಡಿ, ವರ್ಷಕ್ಕೆ ಎಷ್ಟು ಬಂತು ಅಂತ ಹೇಳೋ ಸೂತ್ರ ಒಂದು ಈ ಹಾಳೆಯಲ್ಲೇ ಇದೆ. ಎಕ್ಸ್ ಐ ಆರ್ ಆರ್ ಅಂತಾರೆ."

"ಮಾತ್ರೆ ಹೆಸರಿದ್ದ ಹಾಗಿದೆ."

"ಮಾತ್ರೇನೇ ಅಂದ್ಕೋ. ನಿನ್ನ ಕಾಯಿಲೆಗೆ ಇದೇ ಸರಿ. ಹಾಕಿದ ದುಡ್ಡನ್ನೆಲ್ಲ ಮೈನಸ್ ಗುರುತು ಹಾಕಿ ಬರೀಬೇಕು, ನಿನ್ನ ಕೈಯಿಂದ ಹೋದದ್ದು ಅಲ್ವಾ. ನಡುವೆ ತೆಗೆದಿದ್ರೆ ಅದು ಪ್ಲಸ್. ಕೊನೇಲಿ ಇವತ್ತಿನ ತಾರೀಖು, ಇವತ್ತು ಖಾತೇಲಿರೋ ಐದೂವರೆ ಲಕ್ಷ, ಅದೂ ಪ್ಲಸ್. ಮಿಕ್ಕಿದ್ದು ಫೋನ್ ನೋಡ್ಕೊಳ್ಳುತ್ತೆ. ಹೇಳು ನೋಡೋಣ, ಎಷ್ಟು ಬರುತ್ತೆ?"

"ಕಮ್ಮಿ ಅಂದ್ರೂ ಇಪ್ಪತ್ತು" ಅಂದ ತೂಕದಣ್ಣ.

ಅಕ್ಕ ಬೆರಳು ಒತ್ತಿ ಫೋನನ್ನು ಅವನ ಕಡೆ ತಿರುಗಿಸಿದಳು. ಐದು ಪಾಯಿಂಟ್ ನಾಲ್ಕು.

"ವರ್ಷಕ್ಕೆ ನೂರಕ್ಕೆ ಐದೂವರೇನೂ ಇಲ್ಲ!" ಅಂದ ಅವನು. ಇಂಗು ತಿಂದ ಮಂಗನ ಮುಖವಾಗಿತ್ತು. "ನಿಂದೆಷ್ಟಕ್ಕ?"

"ಇದೇ ನಾಲ್ಕು ವರ್ಷ, ನಾನೂ ತಿಂಗಳು ತಿಂಗಳು ಹಾಕಿದೀನಿ. ದೊಡ್ಡ ಕಂಪನಿಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತಲ್ಲ, ಆ ಸಾದಾ ಇಂಡೆಕ್ಸ್ ಫಂಡು. ಇದೇ ಸೂತ್ರದಲ್ಲಿ ಹತ್ತು ಬಂತು."

"ಅದಕ್ಕೆ ನೀನು ಏನು ಮಾಡಿದೆ?"

"ಏನೂ ಮಾಡಲಿಲ್ಲ. ನೀನು ಷೇರು ನೋಡ್ತಿದ್ದಾಗ ನಾನು ಮಲಗಿದ್ದೆ."

ಹೆಂಡತಿ ನಗು ತಡೆಯಲಾರದೆ ಕೆಮ್ಮಿದಳು. ಅಕ್ಕ ಕೂಡಲೇ ಗಂಭೀರಳಾದಳು. "ಮುಂದೇನೂ ಹತ್ತೇ ಬರುತ್ತೆ ಅಂತ ನಾನು ಹೇಳಲ್ಲ. ಮಾರುಕಟ್ಟೆ ಬಿದ್ರೆ ನಂದೂ ಬೀಳುತ್ತೆ. ಆದ್ರೆ ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಆರಿಸಿದ ನೀನು, ಏನೂ ಆರಿಸದ ನನಗಿಂತ ಹಿಂದೆ ಇದೀಯ ಅಂತ ತಿಳ್ಕೊಂಡಿರಬೇಕಲ್ವಾ? ಸರಿ, ಅದು ಹೋಗಲಿ. ಮನೆ ಖರ್ಚು ತಿಂಗಳಿಗೆ ಎಷ್ಟು?"

"ಇಪ್ಪತ್ತೈದು ಸಾವಿರ" ಅಂದಳು ಹೆಂಡತಿ.

"ಐದೂವರೆ ಲಕ್ಷಕ್ಕೆ ಐದು ಪಾಯಿಂಟ್ ನಾಲ್ಕರ ಹಾಗೆ ವರ್ಷಕ್ಕೆ ಸುಮಾರು ಮೂವತ್ತು ಸಾವಿರ. ಒಂದು ತಿಂಗಳು ಆರು ದಿನ ಊಟ ಮಾಡಬಹುದು. ಮಿಕ್ಕ ಹನ್ನೊಂದು ತಿಂಗಳು?"

ತೂಕದಣ್ಣ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ನೋಡಿದ. ಇಕ್ಕಳ, ತೂಕದ ಬಟ್ಟುಗಳು, ಇಪ್ಪತ್ತೆರಡು ವರ್ಷದಿಂದ ಅವನ ಕೈಗೆ ಒಗ್ಗಿದ ಪುಟ್ಟ ಸ್ಕ್ರೂಡ್ರೈವರ್. ಇನ್ನೇನು ಸಂಜೆ ಬೀಗದ ಕೈ ಕೊಟ್ಟು ಬರುವವನಿದ್ದ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

"ಎಂಥ ಬೆಪ್ಪ ನಾನು! ಊರಿನವರ ತಕ್ಕಡಿಯನ್ನೆಲ್ಲ ಸರಿ ಮಾಡ್ತೀನಿ, ನನ್ನದನ್ನೇ ನೋಡ್ಕೊಳ್ಳಲಿಲ್ಲ. ನಾಲ್ಕು ವರ್ಷ ಎಲ್ಲರ ಮುಂದೆ ಕೊಚ್ಚಿಕೊಂಡೆ. ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತು" ಅಂತ ತಲೆ ತಗ್ಗಿಸಿದ.

ಆಗ ಅವನ ಹೆಂಡತಿ ಬ್ಯಾಂಕಿನ ಪಟ್ಟಿಯನ್ನು ಅವನ ಮುಂದೆ ಹರಡಿದಳು. ಅವಳ ಮುಖ ಅರಳಿತ್ತು.

"ಯಾವುದು ನೀರಲ್ಲಿ ಹೋಯ್ತು? ಇಲ್ಲಿ ನೋಡಿ. ನಾಲ್ಕು ಲಕ್ಷ ಎಂಬತ್ತನಾಲ್ಕು ಸಾವಿರ! ಇದನ್ನ ಯಾವ ಕಂಪನಿ ಕೊಟ್ಟಿತು? ಪೇಂಟ್ ಕಂಪನಿನಾ? ಇದು ನಾನು ಬಿಡಿಸಿದ ಹೂವು ರೀ, ನೀವು ತಿರುಗಿಸಿದ ಸ್ಕ್ರೂ. ನಲವತ್ತೆಂಟು ತಿಂಗಳಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ ನಾವು. ನಾನು ಜ್ವರ ಬಂದು ಮಲಗಿದ್ದ ತಿಂಗಳೂ ಹೋಗಿದೆ ನೋಡಿ."

ತೂಕದಣ್ಣ ಬಗ್ಗಿ ನೋಡಿದ. ಐದು ಸಾವಿರ, ಐದು ಸಾವಿರ, ಐದು ಸಾವಿರ. ಸಾಲಾಗಿ ಕೆಳಗಿನವರೆಗೂ ಇತ್ತು. ಎಲ್ಲವೂ ಈ ಎಂಟಡಿ ಮಳಿಗೆಯಿಂದ ಹೋದವು. ಪಕ್ಕದಲ್ಲೇ ಅವಳ ಮೂರು ಸಾವಿರಗಳು. ಅವನಿಗೆ ನಗು ಬಂತು.

"ಅಂದ್ರೆ ಇಷ್ಟು ದಿನ ಖಾತೆ ಬೆಳೆಸಿದ್ದು ಷೇರಲ್ಲ, ಈ ಅಂಗಡಿ ಮತ್ತೆ ನಿನ್ನ ಕೇಕು!"

"ಈಗ ಗೊತ್ತಾಯ್ತಾ?" ಅಂದಳು ಅಕ್ಕ. "ನೀನು ಮುಚ್ಚೋಕೆ ಹೊರಟಿದ್ದು ಅದೇ ಅಂಗಡೀನ."

"ಗಂಟೆ ಎಷ್ಟು?" ಅಂತ ಅವನು ಧಡಕ್ಕನೆ ಎದ್ದ.

"ಇನ್ನೂ ಹನ್ನೆರಡೂವರೆ. ಐದರವರೆಗೆ ಟೈಮಿದೆ" ಅಂದಳು ಹೆಂಡತಿ. ಆದರೆ ತೂಕದಣ್ಣ ಆಗಲೇ ಬೀದಿಯಲ್ಲಿದ್ದ. ಕಾಲಲ್ಲಿ ಒಂದು ಚಪ್ಪಲಿ ತನ್ನದು, ಇನ್ನೊಂದು ಅಕ್ಕನದು. ಅಕ್ಕ ಒಂಟಿ ಚಪ್ಪಲಿಯಲ್ಲಿ ಅವನ ಹಿಂದೆ, ಅವಳ ಹಿಂದೆ ಹೆಂಡತಿ. ಓಣಿಯವರೆಲ್ಲ ಯಾರ ಮನೆಗೆ ಬೆಂಕಿ ಬಿತ್ತೋ ಅಂತ ಬಾಗಿಲಿಗೆ ಬಂದರು.

ಮಳಿಗೆಯ ಒಡತಿಯ ಮನೆಯಲ್ಲಿ ಚಪ್ಪಲಿ ಅಂಗಡಿಯವನು ಅಳತೆಯ ಟೇಪು ಹಿಡಿದು ಆಗಲೇ ಕೂತಿದ್ದ. ತೂಕದಣ್ಣ ಏದುಸಿರು ಬಿಡುತ್ತಾ ಒಳಗೆ ನುಗ್ಗಿದ.

"ಅಮ್ಮಾ, ಪೆನ್ನು ಕೊಡಿ! ಮೂರು ವರ್ಷಕ್ಕೆ ಸಹಿ ಹಾಕ್ತೀನಿ!"

ಒಡತಿ ಕಣ್ಣು ಬಿಟ್ಟರು. "ಬೀಗದ ಕೈ ಕೊಡ್ತೀನಿ ಅಂದಿದ್ಯಲ್ಲಪ್ಪ?"

"ಶ್ರೀಮಂತರಾಗ್ತೀನಿ ಅಂತಿದ್ರಿ?" ಅಂದ ಚಪ್ಪಲಿ ಅಂಗಡಿಯವನು, ಟೇಪು ಸುತ್ತಿಕೊಳ್ಳುತ್ತಾ.

"ಆಗ್ತೀನಿ ಸ್ವಾಮಿ. ಅಂಗಡಿ ಇಟ್ಕೊಂಡೇ ಆಗ್ತೀನಿ. ಸ್ವಲ್ಪ ನಿಧಾನ ಆಗುತ್ತೆ, ಅಷ್ಟೇ!" ಅಂತ ತೂಕದಣ್ಣ ಸಹಿ ಹಾಕಿದ. ಎಂದೂ ಅಷ್ಟು ದುಂಡಗೆ ಅವನ ಅಕ್ಷರ ಬಂದಿರಲಿಲ್ಲ. ಬಾಗಿಲಲ್ಲಿ ನಿಂತ ಹೆಂಡತಿ ಅತ್ತಿಗೆಯ ಭುಜಕ್ಕೆ ಒರಗಿ ನಗುತ್ತಾ ಕಣ್ಣೊರೆಸಿಕೊಂಡಳು. ಹಿಂದಿನ ರಾತ್ರಿಯೆಲ್ಲ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ, ಪಾಪ.

ಆ ಮಧ್ಯಾಹ್ನ ಮೂವರೂ ಪೆಟ್ಟಿಗೆಯಿಂದ ಸಾಮಾನು ಹೊರಗೆ ತೆಗೆದಿಟ್ಟರು. ಮುಂದೆ ಏನು ಮಾಡುವುದು ಅಂತಲೂ ಕೂತು ಮಾತಾಡಿದರು. ಷೇರು ಆರಿಸುವ ಚಪಲ ಪೂರ್ತಿ ಬಿಡಲು ತೂಕದಣ್ಣನಿಗೆ ಮನಸ್ಸಿಲ್ಲ, ಸುಳ್ಳು ಯಾಕೆ ಹೇಳಬೇಕು? ತಿಂಗಳ ಎಂಟು ಸಾವಿರದಲ್ಲಿ ಒಂದು ಸಾವಿರ ಅವನ ಆಟಕ್ಕೆ, ಏಳು ಸಾವಿರ ಸಾದಾ ಫಂಡಿಗೆ ಅಂತ ಹೆಂಡತಿ ತೀರ್ಪು ಕೊಟ್ಟಳು. ಎರಡಕ್ಕೂ ಬೇರೆ ಬೇರೆ ಹಾಳೆ. ವರ್ಷಕ್ಕೊಮ್ಮೆ ಒಂದೇ ದಿನ ಎರಡನ್ನೂ ಅಳೆಯಬೇಕು. ಮೂರು ವರ್ಷ ಕಳೆದರೂ ಅವನ ಆಟ ಸಾದಾ ಫಂಡಿಗಿಂತ ಹಿಂದೆಯೇ ಬಿದ್ದಿದ್ದರೆ ಆ ಒಂದು ಸಾವಿರವೂ ಫಂಡಿಗೆ.

"ಒಪ್ಪಿದೆ. ಆದ್ರೆ ನಾನು ಗೆದ್ರೆ?" ಅಂದ ತೂಕದಣ್ಣ.

"ಗೆದ್ರೆ ನಿಮ್ಮ ಹೆಸರು ಬರೆದು ಕೇಕ್ ಮಾಡ್ತೀನಿ" ಅಂದಳು ಅವಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಫೋನಿನಲ್ಲೂ ಒಂದು ಖಾತೆ ಇರಬಹುದು. ಅದರಲ್ಲಿ ಒಂದು ದೊಡ್ಡ ಅಂಕಿ ಮಿಂಚುತ್ತಿರಬಹುದು. ಅದನ್ನು ಲಾಭ ಅಂತ ನಂಬಿ ಯಾರಿಗೂ ಹೇಳಬೇಡಿ, ನಿಮಗೆ ನೀವೂ ಹೇಳಿಕೊಳ್ಳಬೇಡಿ. ಈ ವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಯಾವ ದಿನ ಎಷ್ಟು ಹಾಕಿದಿರಿ, ಯಾವ ದಿನ ಎಷ್ಟು ತೆಗೆದಿರಿ ಅಂತ ತಾರೀಖಿನ ಸಮೇತ ಬರೆಯಿರಿ. ಸೋತ ಷೇರನ್ನೂ ಬಿಡಬೇಡಿ. ಇವತ್ತು ಇರುವುದೆಷ್ಟು ಅಂತ ಕೊನೆಯಲ್ಲಿ ಸೇರಿಸಿ, ವರ್ಷಕ್ಕೆ ಎಷ್ಟು ಬಂತು ಅಂತ ಫೋನಿನ ಹಾಳೆಯನ್ನೇ ಕೇಳಿ. ಬಂದ ಉತ್ತರವನ್ನು ಅದೇ ಅವಧಿಯ ಸಾದಾ ಫಂಡಿನ ಜೊತೆ ಹೋಲಿಸಿ, ಟೀ ಅಂಗಡಿಯ ಮಾತಿನ ಜೊತೆ ಬೇಡ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ಅದರಲ್ಲಿ ಸಂಕೋಚ ಏನೂ ಇಲ್ಲ.

ಅಂಕಿ ಚಿಕ್ಕದಾಗಿ ಬಂದರೆ ಬೇಜಾರಾಗಬೇಡಿ. ಕೆಲಸ ಬಿಡುವ ಮೊದಲು, ಮನೆ ಮಾರುವ ಮೊದಲು, ಕೂಡಿಟ್ಟದ್ದನ್ನೆಲ್ಲ ಸುರಿಯುವ ಮೊದಲು ಗೊತ್ತಾಯಿತಲ್ಲ, ಅದಕ್ಕೆ ಖುಷಿಪಡಿ. ಆಮೇಲೆ ಹಾಕಿದ ದುಡ್ಡಿನ ಒಟ್ಟು ಮೊತ್ತವನ್ನು ಒಮ್ಮೆ ಕಣ್ತುಂಬ ನೋಡಿ. ಅದಷ್ಟೂ ನಿಮ್ಮ ಎರಡು ಕೈ ದುಡಿದದ್ದು.